ಗುಳಿಗೆ ತಗಂಡ್ರಾ, ತಾತ?

ಅಜ್ಜಂಪುರದ ಗಂಡಸರು ಕುಡಿಯುವುದಕ್ಕೆ ತರೀಕೆರೆಗೆ ಹೋಗುತ್ತಾರೆ. ತರೀಕೆರೆಯವರು ಕಡೂರಿಗೆ ಹೋಗುತ್ತಾರೆ. ಕಡೂರಿನವರು ಅಜ್ಜಂಪುರಕ್ಕೆ ಬರುತ್ತಾರೆ. ಮೂರೂ ಊರಲ್ಲಿ ಬೇಕಾದಷ್ಟು ಬಾರುಗಳಿವೆ, ಯಾರಿಗೂ ಬರಗಾಲವಿಲ್ಲ. ಆದರೆ ಅವರವರ ಊರಿನಲ್ಲಿ ಕೂತರೆ ಹೆಂಡತಿಯ ತಮ್ಮನೋ, ಮಗನ ಮೇಷ್ಟರೋ ಕಂಡುಬಿಟ್ಟರೆ ಗತಿಯೇನು? ಮರ್ಯಾದೆ ಉಳಿಸಿಕೊಳ್ಳಲು ಪೆಟ್ರೋಲು ಸುಡುವ ಜನ ನಮ್ಮ ಸೀಮೆಯವರು. ಈ ಜಾಣತನದ ಬುಡಕ್ಕೆ ಕೊಡಲಿ ಬಿದ್ದದ್ದು, ಅಜ್ಜಂಪುರದ ಹನುಮಂತಮ್ಮನ ಮೊಮ್ಮಗಳು ಭೂಮಿಕಾ ತರೀಕೆರೆಯ ಬಾರೊಂದರಲ್ಲಿ ಕೆಲಸಕ್ಕೆ ಸೇರಿದಾಗ.

ಹನುಮಂತಮ್ಮ ಅಂದರೆ ಸಾಮಾನ್ಯದ ಹೆಂಗಸಲ್ಲ. ಎಪ್ಪತ್ತೆರಡು ತುಂಬಿದೆ, ಮಂಡಿಗೆ ನೋವು ಬಂದಿದೆ, ಬಾಯಿಗೆ ಮಾತ್ರ ಒಂದು ದಿನವೂ ನೋವು ಬಂದಿಲ್ಲ. ಮೂವತ್ತು ವರ್ಷದ ಹಿಂದೆ ಕೆರೆ ಏರಿಯ ಕೆಳಗಿದ್ದ ಸಾರಾಯಿ ಅಂಗಡಿಯನ್ನು ಎತ್ತಿಸಿದವಳು ಅವಳೇ. ಕಲ್ಲು ಹೊಡೆಯಲಿಲ್ಲ, ಬಾಟ್ಲಿ ಒಡೆಯಲಿಲ್ಲ. ಕೇರಿಯ ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ಹೋಗಿ, ಕುಡಿಯಲು ಕೂತವರ ಹೆಗಲ ಮೇಲಿನ ಟವಲ್ಲುಗಳನ್ನು ಕಿತ್ತುಕೊಂಡು, ಎದುರಿನ ಹುಣಸೆಮರಕ್ಕೆ ಹಗ್ಗ ಕಟ್ಟಿ ಸಾಲಾಗಿ ನೇತುಹಾಕಿದಳು. ಟವಲ್ಲು ಬೇಕಾದವನು ಹೆಂಡತಿಯನ್ನು ಕರೆತಂದು ಬಿಡಿಸಿಕೊಂಡು ಹೋಗಬೇಕು. ಆ ಕಾಲದಲ್ಲಿ ಹೆಗಲಿಗೆ ಟವಲ್ಲಿಲ್ಲದೆ ಬೀದಿಗೆ ಬಂದ ಗಂಡಸು ಬೆತ್ತಲೆ ಬಂದ ಹಾಗೆ. ಮೊದಲು ಹಗ್ಗಕ್ಕೇರಿದ ಟವಲ್ಲು ಅವಳ ಗಂಡ ಮಂಜಪ್ಪನದೇ. ತಿಂಗಳು ತುಂಬುವುದರೊಳಗೆ ಅಂಗಡಿಯವನು ಗಂಟುಮೂಟೆ ಕಟ್ಟಿದ.

ಅಂಥವಳ ಮೊಮ್ಮಗಳು ಬಾರಿನಲ್ಲಿ ಸಪ್ಲೈಯರ್ ಅಂದರೆ!

ಸುದ್ದಿ ಮನೆಯಲ್ಲಿ ಹೊರಬಿದ್ದದ್ದು ಒಂದು ಭಾನುವಾರ ಬೆಳಿಗ್ಗೆ. ಬುದ್ಧನ ಪಟದ ಮುಂದೆ ಕೂತು ಪಂಚಶೀಲ ಹೇಳಿ, ಆಮೇಲೆ ರೊಟ್ಟಿ ತಿನ್ನುವುದು ಆ ಮನೆಯ ಭಾನುವಾರದ ಪದ್ಧತಿ. ಸೊಸೆ ಅಂಜಿನಮ್ಮ ಒಲೆಯ ಮುಂದಿದ್ದಳು. ಮಗ ಕೆಂಪರಾಜು ಮೂರನೇ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರುತ್ತಿದ್ದ. ಭೂಮಿಕಾ ತಟ್ಟೆ ನೋಡುತ್ತಲೇ ಬಾಯಿಬಿಟ್ಟಳು.

"ಅಜ್ಜಿ, ನಾಳೆಯಿಂದ ನಂಗೆ ಹೊಸ ಕೆಲ್ಸ."

"ಬಟ್ಟೆ ಅಂಗಡಿ ಬಿಟ್ಬಿಟ್ಯಾ?"

"ಬಿಟ್ಟೆ. ಬೆಳಗಿಂದ ಸಂಜೆ ಗಂಟ ನಿಂತೇ ಇರ್ಬೇಕು, ಕೂರಕ್ಕೊಂದು ಸ್ಟೂಲೂ ಇಲ್ಲ. ಕಡೂರಾಗೆ ಮೂರು ತಿಂಗ್ಳು ಹೋಟ್ಲು ಟ್ರೈನಿಂಗ್ ಮಾಡಿದ್ನಲ್ಲ, ಅದಕ್ಕೆ ತಕ್ಕಂಗೆ ಸಿಕ್ತು. ತರೀಕೆರೆ ಬೈಪಾಸಾಗೆ. ಹೊಸಬೆಳಕು ಅಂತ."

"ಹೊಸಬೆಳಕು ಅಂದ್ರೇನು, ಬಲ್ಬಿನ ಅಂಗ್ಡಿಯಾ?"

ಕೆಂಪರಾಜುವಿಗೆ ರೊಟ್ಟಿ ನೆತ್ತಿಗೇರಿತು. ಅವನಿಗೆ ಮೊದಲೇ ಗೊತ್ತಿತ್ತು ಅನ್ನುವುದು ಆ ಕೆಮ್ಮಿನಲ್ಲೇ ತಿಳಿಯಿತು.

"ಬಾರ್ ಅಂಡ್ ರೆಸ್ಟೋರೆಂಟ್, ಅಜ್ಜಿ. ಟೇಬಲ್‌ಗೆ ಸಪ್ಲೈ ಮಾಡೋದು. ಹಗಲು ಮಾತ್ರ. ಆರೂವರೆ ಬಸ್ಸಿಗೆ ಮನೆಗೆ ಬತ್ತೀನಿ."

ಹನುಮಂತಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. "ಈಗ ತಾನೆ ಬಾಯ್ತುಂಬ ಹೇಳಿದ್ಯಲ್ಲ, ಐದನೇ ಶೀಲ ಏನೇ?"

"ಕುಡಿಯಲ್ಲ ಅಂತ. ನಾನು ಕುಡಿಯಲ್ವಲ್ಲ."

"ಕುಡಿಸ್ತೀನಿ ಅಂತ ಐತಾ ಅದ್ರಾಗೆ?"

"ಕುಡಿಸಲ್ಲ ಅಂತಾನೂ ಇಲ್ಲ ಕಣಜ್ಜಿ."

ಅಂಜಿನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಷ್ಟು ಸಾಕಾಯಿತು.

"ನಗೇ, ನಗು! ನಿಮ್ಮಾವ ಕಂಚಿನ ಚೆಂಬು ಕುಡ್ದ, ನನ್ನ ಕಾಲುಂಗುರ ಕುಡ್ದ. ಆ ಟವಲ್ ಕಿತ್ಕಳ್ಳದಿದ್ರೆ ನಿನ್ನ ಗಂಡನ್ನೂ ಕುಡ್ದಿರೋನು. ಕೇಳ್ಕಳ್ರಿ ಎಲ್ಲಾ. ಇವತ್ತಿಂದ ಈ ಒಲೆ ಊಟ ನಂಗೆ ಬ್ಯಾಡ. ಅವಳ ದುಡ್ಡಿನ ಅನ್ನ ಬ್ಯಾಡ, ಅವಳ ಕೈಯಿನ ನೀರೂ ಬ್ಯಾಡ. ಅವಳು ಆ ಕೆಲ್ಸ ಬಿಡೋಗಂಟ ನಾನು ಹಿತ್ತಲಾಗೆ ಬೇಯಿಸ್ಕಂತೀನಿ."

"ಅವ್ವಾ..." ಅಂದ ಕೆಂಪರಾಜು.

"ನೀನು ರೊಟ್ಟಿ ತಿನ್ನಪ್ಪಾ, ಮೂರಾಯ್ತು, ನಾಲ್ಕನೇದು ಕಾಯ್ತೈತೆ."

ಹೇಳಿದಂತೆ ಮಾಡಿದಳು. ಹಿತ್ತಲಿನ ನುಗ್ಗೆಮರದ ಕೆಳಗೆ ಮೂರು ಕಲ್ಲು ಹೂಡಿ, ರೇಷನ್ ರಾಗಿ ಬೀಸಿಸಿಕೊಂಡು ಬಂದು ಬೇರೆ ಅಡಿಗೆ ಶುರುಮಾಡಿದಳು. ಆದರೆ ಒಬ್ಬಳಿಗೆ ಮುದ್ದೆ ತೊಳಸುವುದು ಅಂದುಕೊಂಡಷ್ಟು ಸುಲಭವಲ್ಲ. ನಾಲ್ಕು ಜನರ ಎಸರಿಗೆ ಐವತ್ತು ವರ್ಷ ಒಗ್ಗಿದ ಕೈ ಅದು. ಒಂದು ದಿನ ಎಸರು ಹೆಚ್ಚಾಗಿ ಅಂಬಲಿಯಾಯಿತು, ಮಾರನೇ ದಿನ ಕಡಿಮೆಯಾಗಿ ಗಂಟು ಗಂಟಾಯಿತು. ಅತ್ತ ಅಂಜಿನಮ್ಮ ಸುಮ್ಮನಿದ್ದಾಳೆಯೇ? ಶಾಲೆಯಲ್ಲಿ ಇನ್ನೂರು ಮಕ್ಕಳಿಗೆ ಬಿಸಿಯೂಟ ಬೇಯಿಸಿ ಬಂದರೂ ಸಂಜೆ ಹಿತ್ತಲ ಕಡೆಯ ಕಿಟಕಿ ಅಗಲ ತೆಗೆದು, ಉಪ್ಪುಸಾರಿನ ಖಾರಕ್ಕೆ ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಡುತ್ತಿದ್ದಳು. ವಾಸನೆ ಅತ್ತೆಯ ಮೂಗಿಗೆ ನೆಟ್ಟಗೆ ಹೋಗುತ್ತಿತ್ತು.

"ಅತ್ತೆ, ಒಂದು ಸೌಟು ಸಾರು ಕೊಡ್ಲಾ?"

"ನನ್ನ ಸಾರು ನಂಗೈತೆ."

"ಏನು ಸಾರು?"

"ಉಪ್ಪು, ಮೆಣಸಿನ್ಕಾಯಿ, ನೀರು. ಸಾರಲ್ವಾ ಅದು?"

ಈ ಜಗಳದಲ್ಲಿ ಲಾಭ ಮಾಡಿಕೊಂಡವನು ಕೆಂಪರಾಜು ಒಬ್ಬನೇ. ಲಗೇಜ್ ಆಟೋ ನಿಲ್ಲಿಸಿ ಬಂದವನು ಮೊದಲು ಅಡಿಗೆಮನೆಯಲ್ಲಿ ಉಣ್ಣುತ್ತಿದ್ದ. ಆಮೇಲೆ ಅವ್ವನಿಗೆ ಬೇಜಾರಾಗಬಾರದೆಂದು ಹಿತ್ತಲಿಗೆ ಹೋಗಿ ಇನ್ನೊಮ್ಮೆ ಉಣ್ಣುತ್ತಿದ್ದ. ಮೂರು ವಾರದಲ್ಲಿ ಅಂಗಿಯ ಗುಂಡಿ ಬಿಗಿಯಾಯಿತು.

ಭೂಮಿಕಾ ಆರೂವರೆ ಬಸ್ಸಿಗೆ ಬಂದವಳೇ ಮುಖ ತೊಳೆದು, ಒಗೆಯುವ ಕಲ್ಲಿನ ಮೇಲೆ ಅಜ್ಜಿಯ ಒಲೆಗೆದುರಾಗಿ ಕೂರುತ್ತಿದ್ದಳು. ನಡೆಯಲು ಕಲಿತ ದಿನದಿಂದ ಅಜ್ಜಿಯ ತಟ್ಟೆಯ ಮೊದಲ ತುತ್ತು ಅವಳದ್ದು. ಈಗ ಕೂತು ನೋಡುವುದಷ್ಟೇ.

"ಮುದ್ದೆ ಇವತ್ತೂ ಗಂಟಾಯ್ತಾ ಅಜ್ಜಿ?"

"ಗಂಟಿದ್ರೆ ಹಲ್ಲಿಗೆ ಗಟ್ಟಿ ಕಣೇ."

"ಇರೋವು ನಾಲ್ಕು. ಅವಕ್ಯಾಕೆ ಇಷ್ಟು ಕಸರತ್ತು?"

"ಹೋಗೇ ಅತ್ಲಾಗೆ," ಅನ್ನುತ್ತಿದ್ದಳು ಹನುಮಂತಮ್ಮ. ಹುಡುಗಿ ಎದ್ದು ಒಳಗೆ ಹೋದಮೇಲೆ ಆ ಮೊದಲ ತುತ್ತನ್ನು ತಟ್ಟೆಯ ಅಂಚಿಗೆ ಸರಿಸಿ, ಎರಡನೆಯದರಿಂದ ಉಣ್ಣುತ್ತಿದ್ದಳು. ಆದರೆ ಆಡಿದ ಮಾತು ಆಡಿದ್ದೇ. ಅಂಗಡಿ ಎತ್ತಿಸಲು ಜೊತೆಗೆ ಬಂದಿದ್ದ ಕೇರಿಯ ಸಂಘದ ಹೆಂಗಸರ ಮುಂದೆ ತಲೆ ಎತ್ತುವುದು ಹೇಗೆ ಅನ್ನುವ ಸಂಕಟ ಬೇರೆ ಇತ್ತು.

ಅಷ್ಟರಲ್ಲಿ ತರೀಕೆರೆಯಿಂದ ಸುದ್ದಿಗಳು ಬರತೊಡಗಿದವು. ಹೊಸಬೆಳಕಿನ ಪಕ್ಕದ ಟೈರ್ ಅಂಗಡಿಯವನು ಕೆಂಪರಾಜುವಿನ ದೋಸ್ತ. ಅವನು ಹೇಳಿದ್ದನ್ನು ಕೆಂಪರಾಜು ಹಿತ್ತಲಿನ ಎರಡನೇ ಊಟದ ಹೊತ್ತಿಗೆ ತಂದು ಬಡಿಸುತ್ತಿದ್ದ.

"ಅವ್ವಾ, ನಮ್ಮ ಚೌಡ ನೆನ್ನೆ ಅಲ್ಲಿಗೆ ಹೋಗಿದ್ನಂತೆ." ಚೌಡಪ್ಪ ಹನುಮಂತಮ್ಮನ ಮೈದುನನ ಮಗ, ಹಿಂದಿನ ಬೀದಿಯಲ್ಲೇ ಮನೆ. "ಒಂದು ಕ್ವಾರ್ಟರ್ ಹೇಳವ್ನೆ. ಇವಳು ತಂದಿಟ್ಟು, 'ಚಿಕ್ಕಪ್ಪಾ, ಚಿಕ್ಕಮ್ಮನ ಕಾಲು ಊತ ಇಳೀತಾ? ಡಾಕ್ಟ್ರಿಗೆ ತೋರ್ಸಿದ್ರಾ?' ಅಂದವ್ಳೆ. ಗ್ಲಾಸ್ ಅಲ್ಲೇ ಬಿಟ್ಟು ಎದ್ದೋಗವ್ನೆ!"

ಹನುಮಂತಮ್ಮ ಒಲೆ ಊದುವ ನೆಪದಲ್ಲಿ ಮುಖ ತಿರುಗಿಸಿದಳು. ನಗು ಕಾಣಬಾರದಲ್ಲ.

ಅದು ಚೌಡಪ್ಪನೊಬ್ಬನ ಕಥೆಯಲ್ಲ. ಮರ್ಯಾದೆ ಉಳಿಸಿಕೊಳ್ಳಲು ಇಪ್ಪತ್ತು ಕಿಲೋಮೀಟರ್ ದೂರ ಬಂದ ಅಜ್ಜಂಪುರದವರಿಗೆಲ್ಲ ಅದೇ ಪಾಡು. "ಬಾ ಮಾವ, ಮಗಳ ಪಿಯುಸಿ ರಿಸಲ್ಟ್ ಬಂತಾ?" "ಅಣ್ಣಾ, ಕೊಳವೆಬಾವಿಗೆ ನೀರು ಬಿತ್ತಾ?" ಹುಡುಗಿ ಚಾಡಿ ಹೇಳುತ್ತಿರಲಿಲ್ಲ. ಬಾರಲ್ಲಿ ಕಂಡದ್ದನ್ನು ಒಂದು ದಿನವೂ ಊರಿಗೆ ಹೊತ್ತು ತರಲಿಲ್ಲ. ನಗುನಗುತ್ತಾ ಕೇಳುತ್ತಿದ್ದಳು, ಅಷ್ಟೇ. ಮಗಳ ರಿಸಲ್ಟಿನ ವಿಷಯ ಮಾತಾಡಿದ ಬಾಯಿಗೆ ಎರಡನೇ ಪೆಗ್ಗು ಹೇಗೆ ಇಳಿದೀತು?

ಎಲ್ಲಕ್ಕಿಂತ ಹನುಮಂತಮ್ಮನ ಕಿವಿ ನಿಮಿರಿದ್ದು ಇನ್ನೊಂದು ಹೆಸರಿಗೆ.

"ಮೇಲ್ಗೇರಿ ನಂಜುಂಡಪ್ಪನೋರೂ ಬತ್ತಾರಂತೆ ಅವ್ವ. ವಾರಕ್ಕೆರಡು ದಿನ, ಒಂದೇ ಒಂದು ಬಿಯರ್. ಇವಳು ಬಾಟ್ಲಿ ಇಡಕ್ಕೆ ಮುಂಚೆ, 'ಸಕ್ಕರೆ ಕಾಯ್ಲೆ ಗುಳಿಗೆ ತಗಂಡ್ರಾ, ತಾತ?' ಅಂತಾಳಂತೆ. ಜೇಬಿಂದ ತೆಗ್ದು ನುಂಗಿ ತೋರ್ಸಿದ್ಮೇಲೇ ಬಾಟ್ಲಿ ಮುಚ್ಚಳ ತೆಗೆಯೋದಂತೆ."

"ತಾತ ಅಂದ್ಲಾ? ಬಾಯ್ತುಂಬ?"

"ಬಾಯ್ತುಂಬ."

ನಂಜುಂಡಪ್ಪನ ಮನೆಯ ಹೊಲದಲ್ಲಿ ಹನುಮಂತಮ್ಮ ಮದುವೆಯಾಗಿ ಬಂದ ವರ್ಷದಿಂದ ಕಳೆ ಕಿತ್ತವಳು. ಆಗ ಅವನನ್ನು, ಅವನ ಅಪ್ಪನನ್ನು, ಎಂಟು ವರ್ಷದ ಅವನ ತಮ್ಮನನ್ನೂ ಕೇರಿಯವರು "ಬುದ್ಧೀ" ಅಂತಲೇ ಕರೆಯಬೇಕಿತ್ತು. ನೀರು ಕೇಳಿದರೆ ಬೊಗಸೆಗೆ ಮೇಲಿಂದ ಹೊಯ್ಯುತ್ತಿದ್ದರು. ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಅವಳು ಮನೆಯಲ್ಲಿ ಒಂದು ಕಟ್ಟಳೆ ಮಾಡಿದಳು. ಈ ಮನೆಯ ಮಕ್ಕಳು ಇನ್ನು ಯಾರನ್ನೂ ಬುದ್ಧಿ ಅನ್ನಕೂಡದು, ಅಯ್ಯಾ ಅನ್ನಕೂಡದು. ಮನುಷ್ಯರು ಮನುಷ್ಯರಿಗೆ ಏನು ಕರೆಯುತ್ತಾರೋ ಅದನ್ನೇ ಕರೆಯಬೇಕು. ತಾತ, ಮಾವ, ಚಿಕ್ಕಪ್ಪ, ಅಣ್ಣ. ಭೂಮಿಕಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿ ಕಲಿಸಿದ್ದಳು: "ಅಗೋ ಆ ಮನೆಯೋರು ನಿಂಗೆ ಮಾವ. ಈ ಮನೆಯೋರು ಚಿಕ್ಕಪ್ಪ. ನಂಜುಂಡಪ್ಪನಿಗೆ ತಾತ ಅನ್ನು."

ಮಗುವಿಗೆ ಕಲಿಸಿದಳೇ ಹೊರತು ತಾನು ಕಲಿಯಲಿಲ್ಲ. ಬುದ್ಧಿ ಅನ್ನುವುದನ್ನು ಬಿಟ್ಟಳು, ಬೇರೆ ಮಾತು ನಾಲಿಗೆಗೆ ಬರಲಿಲ್ಲ. ಮೂವತ್ತು ವರ್ಷದಿಂದ ನಂಜುಂಡಪ್ಪ ಎದುರಾದರೆ ಅವಳು ಏನೂ ಕರೆಯದೆ, ಸೆರಗು ಸರಿಮಾಡಿಕೊಂಡು ಹೋಗಿಬಿಡುತ್ತಿದ್ದಳು. ಸಾರಾಯಿ ಅಂಗಡಿ ಎತ್ತಿಸಿದವಳಿಗೆ ಒಂದು "ಅಣ್ಣ" ಎತ್ತಲಾಗಲಿಲ್ಲ.

ಅವತ್ತಿನ ಮುದ್ದೆ ಗಂಟಾಗಿದ್ದರೂ ಅವಳು ಪೂರಾ ಉಂಡಳು.

ಐದನೇ ವಾರದ ಬುಧವಾರ ಭೂಮಿಕಾ ಮಧ್ಯಾಹ್ನದ ಬಸ್ಸಿಗೇ ಮನೆಗೆ ಬಂದಳು. ಒಗೆಯುವ ಕಲ್ಲಿನ ಮೇಲೆ ಕೂತಳು. ತಮಾಷೆ ಇಲ್ಲ, ಮುದ್ದೆಯ ವಿಚಾರಣೆ ಇಲ್ಲ.

"ಏನಾಯ್ತೇ?"

"ನಿಂಗೆ ಖುಷಿ ಸುದ್ದಿ. ಕೆಲ್ಸ ಹೋಯ್ತು."

ಹನುಮಂತಮ್ಮನ ಕೈಯಲ್ಲಿ ಸೊಪ್ಪು ಹಾಗೇ ನಿಂತಿತು. ಖುಷಿಯಾಗಬೇಕಿತ್ತು. ಐದು ವಾರ ಗಂಟು ಮುದ್ದೆ ತಿಂದದ್ದು ಇದಕ್ಕೇ ಅಲ್ಲವೇ? ಆದರೆ ಹುಡುಗಿಯ ಮುಖ ನೋಡಿ ಸೊಪ್ಪನ್ನು ಪಕ್ಕಕ್ಕಿಟ್ಟಳು.

"ಏನಾರ ತಪ್ಪು ಮಾಡಿದ್ಯಾ?"

"ಯಾರೋ ಗಿರಾಕಿ ದೂರು ಹೇಳವ್ರಂತೆ, ಈ ಹುಡ್ಗಿ ನೆಂಟಸ್ತನ ಮಾಡ್ತಾಳೆ, ಕುಡಿಯಕ್ಕೆ ಬಿಡಲ್ಲ ಅಂತ. ಓನರ್ ಕರ್ದು, 'ಇನ್ಮೇಲೆ ಎಲ್ರಿಗೂ ಸರ್ ಅನ್ನು, ಬೇರೆ ಮಾತು ಬೇಡ' ಅಂದ್ರು. ಸರಿ ಅಂದೆ ಅಜ್ಜಿ. ನಿಜವಾಗ್ಲೂ ಸರಿ ಅಂದೆ. ಆಮೇಲೆ, 'ಆ ಅಜ್ಜಂಪುರದ ನಂಜುಂಡಪ್ಪನೋರು ಹಳೇ ಕಾಲದೋರು, ಅವ್ರಿಗೆ ನಿಮ್ಮ ಕಡೆ ಅಂತಾರಲ್ಲ, ಬುದ್ಧಿ, ಹಂಗೇ ಅನ್ನು' ಅಂದ್ರು."

"ನೀನೇನಂದೆ?"

"ನಮ್ಮಜ್ಜಿ ಆ ಮಾತು ಕಲ್ಸಿಲ್ಲ ಸರ್ ಅಂದೆ. ಹಂಗಾದ್ರೆ ನಾಳೆಯಿಂದ ಬರಬೇಡ ಅಂದ್ರು." ಭೂಮಿಕಾ ಮೂಗು ಒರೆಸಿಕೊಂಡಳು. "ನಂಗೆ ಆ ಕೆಲ್ಸ ಇಷ್ಟ ಇತ್ತು ಅಜ್ಜಿ. ಒಂದು ಕೈಯಾಗೆ ಆರು ಗ್ಲಾಸ್ ಹಿಡೀತಿದ್ದೆ. ಒಂದಿನಾನೂ ಒಂದೂ ಒಡ್ದಿಲ್ಲ."

ಅಂಜಿನಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಸರಿ ಬಿಡಿ ಅತ್ತೆ, ನಿಮ್ಮ ಹಟ ಗೆದ್ದಂಗಾಯ್ತು. ಒಳಗೆ ಬನ್ನಿ ಊಟಕ್ಕೆ."

"ಯಾರೇ ಗೆದ್ದಿದ್ದು?" ಹನುಮಂತಮ್ಮ ಮಂಡಿಗೆ ಕೈಕೊಟ್ಟು ಎದ್ದಳು. ಮುಖ ಕೆಂಡವಾಗಿತ್ತು. "ಬಾರಾಗೆ ಕೆಲ್ಸ ಮಾಡ್ತಾಳೆ ಅಂತ ನಾನು ಬಯ್ಯಬೌದು, ನಾನು ಅವಳಜ್ಜಿ. ಬುದ್ಧಿ ಅನ್ನಲಿಲ್ಲ ಅಂತ ಕೆಲ್ಸದಿಂದ ತೆಗೆಯಕ್ಕೆ ಅವನ್ಯಾವನು? ಇದು ಆ ನಂಜುಂಡಪ್ಪಂದೇ ಕಿತಾಪತಿ. ನಮ್ಮ ಹುಡ್ಗಿ ಬಾಯಾಗೆ ತಾತ ಅನ್ನಿಸ್ಕಳ್ಳಕ್ಕೆ ನಾಚ್ಕೆ ಆಗೈತೆ ಅವನಿಗೆ. ಕೆಂಪಾ! ಸಂಘದೋರಿಗೆಲ್ಲ ಹೇಳು. ನಾಳೆ ಹನ್ನೊಂದು ಗಂಟೆ ಬಸ್ಸು."

"ಎಲ್ಲಿಗವ್ವ?" ಅಂದ, ಆಟೋ ನಿಲ್ಲಿಸಿ ಊಟಕ್ಕೆ ಬಂದಿದ್ದ ಕೆಂಪರಾಜು.

"ಬಾರಿಗೆ!"

ಮಾರನೇ ದಿನ ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ಭೂಮಿಕಾಳ ಜೊತೆ ಒಂಬತ್ತು ಹೆಂಗಸರು ಆಧಾರ್ ಕಾರ್ಡ್ ಹಿಡಿದು ನಿಂತರು. ಸರ್ಕಾರಿ ಬಸ್ಸು, ಹೆಂಗಸರಿಗೆ ಪುಕ್ಕಟೆ. ಹಳೆಯ ಹೋರಾಟಕ್ಕೆ ಹೊಲ ದಾಟಿ ನಡೆದುಹೋದವರಿಗೆ ಈಗ ಕಿಟಕಿ ಪಕ್ಕದ ಸೀಟು.

"ಎಲ್ಲಿಗೆ ಅಜ್ಜಿ, ದೇವಸ್ಥಾನಕ್ಕಾ?" ಅಂದ ಕಂಡಕ್ಟರ್.

"ಬಾರಿಗೆ ಕಣಪ್ಪಾ. ಹತ್ತು ಟಿಕೀಟು."

ಅವನು ಮುಂದೆ ಏನೂ ಕೇಳದೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಚೌಡಪ್ಪನ ಹೆಂಡತಿ ಕರಿಯಮ್ಮ ಊದಿದ ಕಾಲು ಎಳೆದುಕೊಂಡೇ ಬಂದಿದ್ದಳು. ಅಂಜಿನಮ್ಮ ಶಾಲೆಗೆ ರಜೆ ಹೇಳಿ ಬಂದಿದ್ದಳು. ಭೂಮಿಕಾ ಮಾತ್ರ ದಾರಿಯುದ್ದಕ್ಕೂ "ಬ್ಯಾಡ ಅಜ್ಜಿ, ನನ್ನ ಮಾನ ಹೋಗ್ತೈತೆ" ಅಂತ ಗೋಗರೆಯುತ್ತಿದ್ದಳು.

"ಮಾನ ಇರೋರ್ದು ಎಲ್ಲೂ ಹೋಗಲ್ಲ. ಸುಮ್ನೆ ಕೂತ್ಕ."

ಹೊಸಬೆಳಕಿನ ಮುಂದೆ ಇಳಿದಾಗ ಮಾತ್ರ ಒಂಬತ್ತೂ ಜನ ಬಾಗಿಲಲ್ಲಿ ನಿಂತುಬಿಟ್ಟರು. ಕಪ್ಪು ಗಾಜಿನ ಬಾಗಿಲು. ಹನುಮಂತಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಪ್ರಾಯದಲ್ಲಿ ಕೇರಿಯವರು ಹೋಟೆಲ್ಲಿನ ಬಾಗಿಲು ದಾಟುವ ಹಾಗಿರಲಿಲ್ಲ. ಟೀ ಬೇಕಾದರೆ ಹೊರಗೆ ಸಂದಿಯಲ್ಲಿ ನಿಂತು, ಗೋಡೆಗೆ ಸಿಕ್ಕಿಸಿದ ತೆಂಗಿನ ಚಿಪ್ಪು ತೆಗೆದುಕೊಂಡು ಒಡ್ಡಬೇಕಿತ್ತು. ಕಾಲಿಗೆ ಅದು ಇನ್ನೂ ನೆನಪಿತ್ತು. ಆಮೇಲೆ ಭೂಮಿಕಾ ಈ ಬಾಗಿಲನ್ನು ದಿನಾ ಭುಜದಿಂದ ತಳ್ಳಿಕೊಂಡು ಹೋಗುತ್ತಿದ್ದಳು ಅನ್ನುವುದು ಹೊಳೆಯಿತು. ಹನುಮಂತಮ್ಮನೂ ಭುಜ ಕೊಟ್ಟು ತಳ್ಳಿದಳು.

ಕೌಂಟರಿನಲ್ಲಿ ಕೂತಿದ್ದ ಓನರ್ ರಾಜಶೇಖರ್ ನಲವತ್ತರ ಒಳಗಿನ ಮನುಷ್ಯ. ಒಂಬತ್ತು ಹೆಂಗಸರು ಸಾಲಾಗಿ ಒಳಗೆ ಬಂದದ್ದನ್ನು ನೋಡಿ ಎದ್ದು ನಿಂತ. ಸಂಘದವರು ಬಾರಿಗೆ ಬಂದರೆ ಏನಾಗುತ್ತದೆಂದು ಅವನ ಅಪ್ಪ ಹೇಳಿದ್ದ ಕಥೆಗಳೆಲ್ಲ ನೆನಪಾಗಿ, ಮೆಲ್ಲಗೆ ಫ್ರಿಡ್ಜಿಗೆ ಬೆನ್ನು ಕೊಟ್ಟು ಅಡ್ಡ ನಿಂತ.

"ಅಮ್ಮಾ, ಏನೇ ಇದ್ರೂ ಕೂತು ಮಾತಾಡಣ."

"ಕೂರಕ್ಕೇ ಬಂದಿರೋದು. ಎಲ್ಲಿ ನಿನ್ನ ಫ್ಯಾಮಿಲಿ ಸೆಕ್ಷನ್ನು? ಬೋರ್ಡಾಗೆ ಬರ್ಸಿದೀಯಲ್ಲ."

ಪಕ್ಕದ ಕೋಣೆಯ ಪರದೆ ಸರಿಸಿದರೆ ಅಲ್ಲಿ ನಾಲ್ಕು ಟೇಬಲ್ಲು, ಅವುಗಳ ಮೇಲೆ ಸೋಡಾ ಕ್ರೇಟುಗಳು. ಫ್ಯಾಮಿಲಿ ಒಂದೂ ಇಲ್ಲ.

"ಇದಾ ಫ್ಯಾಮಿಲಿ? ಕ್ರೇಟಿಗೆ ಮದ್ವೆ ಮಾಡಿದೀಯಾ?"

ಹೆಂಗಸರು ಗೊಳ್ಳೆಂದರು. ಕ್ರೇಟು ಇಳಿಸಿ ಕೂತರು. ಹನುಮಂತಮ್ಮ ಮಾತ್ರ ಕೂರದೆ ಸೊಂಟಕ್ಕೆ ಕೈಯಿಟ್ಟಳು.

"ನೋಡಪ್ಪಾ, ಕುಡಿಯೋದು ನನಗಾಗಲ್ಲ. ಕುಡಿಸೋದೂ ಆಗಲ್ಲ. ಅದು ಬೇರೆ ಜಗ್ಳ, ನನ್ನ ಮೊಮ್ಮಗಳ ಕೂಡೆ ಮನೇಲಿ ಆಡ್ತೀನಿ. ಬುದ್ಧಿ ಅನ್ನು ಅಂತ ಹೇಳಕ್ಕೆ ನಿಂಗೆ ಯಾರು ಹೇಳ್ಕೊಟ್ರು? ನಂಜುಂಡಪ್ಪ ತಾನೆ?"

"ಅಯ್ಯೋ, ಅವರೇನೂ ಹೇಳ್ಲಿಲ್ಲಮ್ಮ. ಹಿರಿಯರು ಅಂತ ನನ್ನ ಬಾಯಿಗೆ ಬಂತು, ಅಂದುಬಿಟ್ಟೆ. ಅದರ ಹಿಂದೆ ಮುಂದೆ ನಂಗೊತ್ತಿಲ್ಲ. ಅವರೇ ನೆನ್ನೆಯಿಂದ ನಂಗೆ ಬೈತಾ ಇದಾರೆ."

"ಯಾರೋ ಅದು ನನ್ನ ಹೆಸ್ರು ಎತ್ತಿದ್ದು?"

ಹೊರಗಿನ ಹಾಲಿನ ಮೂಲೆಯಿಂದ ದನಿ ಬಂತು. ಎಪ್ಪತ್ತೈದರ ನಂಜುಂಡಪ್ಪ ಒಂಟಿಯಾಗಿ ಕೂತಿದ್ದ. ಮುಂದೆ ಬಿಯರ್ ಬಾಟ್ಲಿ ಮುಚ್ಚಳ ತೆಗೆಯದೆ ಹಾಗೇ ಇತ್ತು.

"ನೆನ್ನೆ ಬಂದೆ, ಕೂಸಿಲ್ಲ. ಇವತ್ತು ಬಂದೆ, ಇಲ್ಲ. ಇದ್ಯಾವನೋ ಬಂದು ಸರ್ ಸರ್ ಅಂತ ಬಾಟ್ಲಿ ಮಡಗಿ ಹೋದ. ಗುಳಿಗೆ ತಗಂಡ್ಯಾ ಅಂತ ಕೇಳಲಿಲ್ಲ. ನಾನೂ ಮರ್ತೆ. ಈಗ ಇದನ್ನ ಕುಡಿಯಾದಾ, ಬಿಡಾದಾ ಗೊತ್ತಾಗ್ದೆ ಕೂತಿದೀನಿ."

ಹನುಮಂತಮ್ಮನ ಬಾಯಿ ಕಟ್ಟಿತು. ಬಸ್ಸಿನಲ್ಲಿ ಇ‌ಡೀ ದಾರಿ ಜೋಡಿಸಿಟ್ಟುಕೊಂಡಿದ್ದ ಬೈಗುಳಗಳಿಗೆ ಗಿರಾಕಿಯೇ ಇಲ್ಲದಂತಾಯಿತು. ತಪ್ಪು ಮನೆಯ ಬಾಗಿಲು ಬಡಿದಿದ್ದಳು.

"ಹಂಗಾದ್ರೆ ದೂರು ಹೇಳಿದ್ದು ಯಾರು?" ಅಂದಳು ಅಂಜಿನಮ್ಮ.

ರಾಜಶೇಖರನ ಕಣ್ಣು ಕಂಬದ ಹಿಂದಿನ ಟೇಬಲ್ಲಿಗೆ ಹೋಯಿತು. ಅಲ್ಲಿ ಒಂದು ದೊಡ್ಡ ಮೆನು ಕಾರ್ಡು ನೆಟ್ಟಗೆ ನಿಂತಿತ್ತು. ಕೆಳಗೆ ಎರಡು ಕಾಲು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಆ ಕಾಲುಗಳು ಮೆಲ್ಲಗೆ ಕುರ್ಚಿಯ ಕೆಳಗೆ ಸರಿದವು.

ಕರಿಯಮ್ಮ ಬಗ್ಗಿ ನೋಡಿದಳು. "ಆ ಚಪ್ಲಿ ನಮ್ಮನೇದು!"

ಮೆನು ಕಾರ್ಡು ಬಿತ್ತು. ಹಿಂದೆ ಚೌಡಪ್ಪ.

"ಲೇ ಚೌಡಾ!" ಹನುಮಂತಮ್ಮನಿಗೆ ಬಾಯಿ ಮರಳಿ ಬಂತು. "ನಮ್ಮನೆ ಮಗುವಿನ ಅನ್ನಕ್ಕೆ ಕಲ್ಲು ಹಾಕಿದೋನು ನೀನೇನೋ?"

"ಕಲ್ಲಲ್ಲ ದೊಡ್ಡವ್ವ... ಅವಳು ಕಾಲು ನೋವು ಹೆಂಗೈತೆ ಅಂದಾಗೆಲ್ಲ ಇವಳ ಮುಖಾನೇ ಗ್ಲಾಸ್‌ನಾಗೆ ಕಾಣ್ತಿತ್ತು. ಕುಡಿಯಾದು ಹೆಂಗೆ? ಹುಡ್ಗಿ ಬ್ಯಾರೆ ಕಡೆ ಹೋಗ್ಲಿ ಅಂದೆ, ಅಷ್ಟೇ."

"ಕಾಲು ತೋರ್ಸಿದ್ಯಾ ಡಾಕ್ಟ್ರಿಗೆ?" ಅಂದಳು ಕರಿಯಮ್ಮ. "ಐದು ವಾರದಿಂದ ಮಗು ಕೇಳ್ತಾ ಐತಂತೆ. ಅವಳಿಗೆ ಏನು ಉತ್ರ ಕೊಟ್ಟೆ?"

ಚೌಡಪ್ಪ ಬಿದ್ದ ಮೆನು ಕಾರ್ಡು ಎತ್ತಲು ಬಗ್ಗಿದ.

ಹನುಮಂತಮ್ಮನ ಕೈ ಹಳೆಯ ಅಭ್ಯಾಸದಂತೆ ಅವನ ಹೆಗಲಿಗೆ ಹೋಯಿತು. ಈಗಿನ ಗಂಡಸರ ಹೆಗಲಲ್ಲಿ ಟವಲ್ಲೆಲ್ಲಿದೆ? ಟೀ ಶರ್ಟು ಕಿತ್ತುಕೊಳ್ಳಲಾದೀತೇ? ಟೇಬಲ್ಲಿನ ಮೇಲಿದ್ದ ಹೆಲ್ಮೆಟ್ಟು ಕಂಡಿತು. ಎತ್ತಿ ಕಿಟಕಿಯ ಸರಳಿಗೆ ಪಟ್ಟಿ ಸಿಕ್ಕಿಸಿ ನೇತುಹಾಕಿದಳು.

"ಹೆಂಡ್ತಿ ಕರ್ಕಂಡು ಆಸ್ಪತ್ರೆಗೆ ಹೋಗಿ ಚೀಟಿ ತಂದು ತೋರ್ಸು. ಆಮೇಲೆ ಹೆಲ್ಮೆಟ್ಟು."

ಇಡೀ ಬಾರು ನಕ್ಕಿತು. ನಂಜುಂಡಪ್ಪ ನಕ್ಕ, ರಾಜಶೇಖರ್ ಕೂಡ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. ನಗುತ್ತಿರುವಾಗಲೇ ಹನುಮಂತಮ್ಮ ಅವನತ್ತ ತಿರುಗಿದಳು.

"ನೀನು ನಗ್ತೀಯಲ್ಲಪ್ಪಾ, ಕೇಳು. ಈ ಕೋಣೆಗೆ ಫ್ಯಾಮಿಲಿ ಯಾಕೆ ಬರಲ್ಲ? ಕಪ್ಪು ಬಾಗಿಲು ನೋಡಿ ಹೆಂಗಸ್ರು ಹೆದರ್ತಾರೆ. ಬಾಗಿಲಾಗೆ ಒಬ್ಬಳು ನಿಂತ್ಕಂಡು 'ಬಾ ಅತ್ತೆ, ಬಾ ಅಜ್ಜಿ' ಅಂದ್ರೆ ಬತ್ತಾರೆ. ತರೀಕೆರೆ ಸಂತೆಗೆ ಬರೋ ಹೆಂಗಸ್ರಿಗೆ ಕೂತು ಉಣ್ಣಕ್ಕೆ, ಕೈಕಾಲು ತೊಳೆಯಕ್ಕೆ ಜಾಗ ಎಲ್ಲೈತೆ? ಇವತ್ತು ಒಂಬತ್ತು ಜನ ಬಂದಿದೀವಿ. ನಮ್ಮ ಹುಡ್ಗಿ ಇಲ್ದಿದ್ರೆ ಬತ್ತಿದ್ವಾ?"

ರಾಜಶೇಖರ್ ತಲೆ ಕೆರೆದುಕೊಂಡ. ಒಂಬತ್ತು ಹೆಂಗಸರನ್ನು ನೋಡಿದ, ಖಾಲಿ ಕ್ರೇಟು ನೋಡಿದ, ಮುಚ್ಚಳ ತೆಗೆಯದ ಬಾಟ್ಲಿ ನೋಡಿದ.

"ತಪ್ಪಾಯ್ತಮ್ಮ. ಆ ಮಾತು ನಾನು ಅನ್ನಬಾರದಿತ್ತು." ಆಮೇಲೆ ಬಾಗಿಲ ಬಳಿ ನಿಂತಿದ್ದ ಭೂಮಿಕಾಳಿಗೆ ಹೇಳಿದ: "ಈ ಸೆಕ್ಷನ್ ಇನ್ಮೇಲೆ ನಿಂದು. ಆ ಕಡೆನೂ ನೋಡ್ಕೋ. ಯಾರನ್ನ ಏನು ಬೇಕಾದ್ರೂ ಕರಿ. ಏಪ್ರನ್ ಹಾಕ್ಕೋ, ಹೋಗು, ಗಿರಾಕಿ ಕಾಯ್ತಾ ಇದಾರೆ."

ಭೂಮಿಕಾ ಓಡಿದಳು. ಏಪ್ರನ್ ಕಟ್ಟಿಕೊಂಡು, ಪುಸ್ತಕ ಪೆನ್ನು ಹಿಡಿದು ಮೊದಲ ಟೇಬಲ್ಲಿಗೇ ಬಂದು ನಿಂತಳು. ಬೆನ್ನು ನೆಟ್ಟಗೆ, ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಏನ್ ಕೊಡ್ಲಿ, ಅಜ್ಜಿ?"

ಅವಳ ದುಡ್ಡಿನ ಅನ್ನ ಬ್ಯಾಡ, ಅವಳ ಕೈಯಿನ ನೀರು ಬ್ಯಾಡ. ಒಂಬತ್ತೂ ಜನರಿಗೆ ಆ ಆಣೆ ಗೊತ್ತಿತ್ತು. ಎಲ್ಲರೂ ಹನುಮಂತಮ್ಮನ ಮುಖ ನೋಡಿದರು.

"ಮೊದ್ಲು ನೀರು ಕೊಡು," ಅಂದಳು ಹನುಮಂತಮ್ಮ. "ಆಮೇಲೆ ಒಂದು ಮುದ್ದೆ. ಗಂಟಿರಬಾರ್ದು."

ಮುದ್ದೆ ಬಂತು, ಸೊಪ್ಪಿನ ಸಾರು ಬಂತು, ಹಪ್ಪಳ ಬಂತು. ಎಡಗೈಯಲ್ಲಿ ಆರು ಗ್ಲಾಸು ನೀರು ಒಟ್ಟಿಗೆ ಹಿಡಿದು ಬಂದ ಮೊಮ್ಮಗಳನ್ನು ಹನುಮಂತಮ್ಮ ಕಣ್ತುಂಬ ನೋಡಿದಳು. ಒಂದು ಹನಿ ಚೆಲ್ಲಲಿಲ್ಲ. ಅಜ್ಜಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಮೊದಲ ತುತ್ತನ್ನು ಎತ್ತಿ ಹುಡುಗಿಯ ಬಾಯಿಗಿಟ್ಟಳು.

"ಡ್ಯೂಟಿ ಮೇಲೆ ತಿನ್ನಂಗಿಲ್ಲ ಅಜ್ಜಿ," ಅಂದಳು ಭೂಮಿಕಾ, ಬಾಯ್ತುಂಬ ಮುದ್ದೆ ಇಟ್ಟುಕೊಂಡೇ.

"ಅತ್ತೆ, ಹಿತ್ತಲಾಗಿರೋ ಆ ಮೂರು ಕಲ್ಲು?" ಅಂದಳು ಅಂಜಿನಮ್ಮ.

"ಸ್ನಾನದ ನೀರು ಕಾಯ್ಸಕ್ಕಾಗ್ತವೆ ಬಿಡು. ನಿನ್ನ ಗಂಡ ಒಂದೊತ್ತು ಉಪವಾಸ ಬೀಳ್ತಾನೆ, ಅಷ್ಟೇಯ."

ಉಂಡು, ದುಡ್ಡು ಕೊಟ್ಟು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೆಂಗಸರು ಹೊರಟರು. ಬಾಗಿಲಿಗೆ ಹೋಗುವ ದಾರಿ ನಂಜುಂಡಪ್ಪನ ಟೇಬಲ್ಲಿನ ಪಕ್ಕದಲ್ಲೇ. ಹನುಮಂತಮ್ಮನ ಕೈ ಮಾಮೂಲಿನಂತೆ ಸೆರಗಿಗೆ ಹೋಯಿತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮೂವತ್ತು ವರ್ಷದಿಂದ ಹೋದ ಹಾಗೇ ದಾಟಿಹೋಗುತ್ತಿದ್ದಳು.

ಅವಳು ನಿಂತಳು. ಸೆರಗು ಬಿಟ್ಟಳು.

"ಗುಳಿಗೆ ತಗಂಡ್ಯಾ, ನಂಜುಂಡಣ್ಣ?"

ನಂಜುಂಡಪ್ಪ ತಲೆ ಎತ್ತಿದ. ಆಮೇಲೆ ಜೇಬು ತಡಕಿ ಗುಳಿಗೆ ತೆಗೆದ.

"ಇಲ್ಲ ಕಣ್ ಹನುಮಂತಮ್ಮ. ಈಗ ತಗಂತೀನಿ. ಕೂಸೇ, ನೀರು ತಾರವ್ವ."